ಭತ್ತದ ಹೊಟ್ಟಿನಲ್ಲಿ ಕರಗಿದ ಜಿಗಿತ

ಭಾನುವಾರ ಸಂಜೆ ಏಳು ಗಂಟೆಯ ಹೊತ್ತಿಗೆ ಯಡಿಯೂರಿನ ಆ ಎರಡು ಕೋಣೆಯ ಮನೆಯಲ್ಲಿ ಹದಿನೈದು ಜನ ಸೇರಿದ್ದರು. ಅಕ್ಕಪಕ್ಕದವರೆಲ್ಲ ಚಾಪೆಯ ಮೇಲೆ ಕೂತಿದ್ದರೆ ರುದ್ರಮ್ಮನ ಅಪ್ಪ ಮುನಿಯಣ್ಣನಿಗೆ ಮಾತ್ರ ಟೀವಿಗೆ ನೇರವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಟೀವಿ ಹೊಸದು, ಐವತ್ತೈದು ಇಂಚಿನದು. ಆಟೋಗಳಿಗೆ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ ಗಂಡ ದೇವರಾಜ್ ಅದನ್ನು ತಂದು ಗೋಡೆಗೆ ಬಿಗಿಸಿ ಇನ್ನೂ ನಾಲ್ಕೇ ದಿನವಾಗಿತ್ತು. ಅದು ಬಂದದ್ದೇ ಈ ಸಂಜೆಗಾಗಿ.

ರುದ್ರಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಧಾರಾವಾಹಿಯಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದ ನಾಯಕಿ ಹಳೆಯ ಅಕ್ಕಿ ಗಿರಣಿಯೊಂದರ ಅಟ್ಟದ ಮೇಲೆ ಸಿಕ್ಕಿಹಾಕಿಕೊಂಡಿದ್ದಳು. ಕೆಳಗೆ ಭತ್ತದ ಹೊಟ್ಟಿನ ರಾಶಿ, ಹಿಂದೆ ಅಟ್ಟಿಸಿಕೊಂಡು ಬರುತ್ತಿರುವ ರೌಡಿಗಳು. ಅವಳು ಓಡಿ ಅಂಚಿಗೆ ಬರುವವರೆಗೆ ನಾಯಕಿ. ಅಂಚಿನಿಂದ ಕೆಳಗೆ ರುದ್ರಮ್ಮ. ನಟಿಯರ ಬದಲಿಗೆ ಬೀಳುವುದು, ಉರುಳುವುದು, ಗಾಜು ಒಡೆದುಕೊಂಡು ಹೊರಗೆ ಹಾರುವುದು, ಇದೇ ಇಪ್ಪತ್ತಮೂರು ವರ್ಷಗಳಿಂದ ಅವಳ ಕೆಲಸ. ಸಿನಿಮಾದವರು ಇಂಥವರನ್ನು ಡೂಪ್ ಎನ್ನುತ್ತಾರೆ.

"ಬಂತು, ಬಂತು, ಈಗ ನೋಡಿ ಮಾವ," ಎಂದ ದೇವರಾಜ್.

ಮುನಿಯಣ್ಣ ಕುರ್ಚಿಯ ತುದಿಗೆ ಸರಿದು ಕೂತರು. ಜಯನಗರದ ಪಾರ್ಕುಗಳಲ್ಲಿ ಮಾಲಿಯಾಗಿ ದುಡಿದು ನಿವೃತ್ತರಾದವರು. ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. ಮಗಳು ಬೀಳುವುದನ್ನು ಅವರು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಮೊದಮೊದಲು ಹೆದರಿಕೆಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಹೆದರಿಕೆ ಹೋಗುವ ಹೊತ್ತಿಗೆ ಕಣ್ಣು ಮಂಜಾಗಿತ್ತು.

ಖಾಕಿ ಬಟ್ಟೆಯ ಆಕೃತಿ ಅಟ್ಟದ ಅಂಚಿನಿಂದ ಹಾರಿತು. ಅರೆ ಕ್ಷಣ ಎಲ್ಲವೂ ಚೆನ್ನಾಗಿಯೇ ಇತ್ತು. ಕೆಳಗಿನಿಂದ ಹೊಟ್ಟು ಚಿಮ್ಮಿದ್ದೇ ತಡ, ಚಿತ್ರ ಕಲಸಿಹೋಯಿತು. ಕೈಯಿದ್ದಲ್ಲಿ ಕಂದು ಚೌಕಗಳು, ತಲೆಯಿದ್ದಲ್ಲಿ ಒಂದು ಕೆಸರುಗಲೆ, ಹೊಟ್ಟು ಹೊಟ್ಟಾಗಿ ಉಳಿಯದೆ ನೆನೆದ ರಟ್ಟಿನ ಹಾಗೆ ಮೆತ್ತಗಾಗಿ ಪರದೆಯ ತುಂಬ ಜಾರಿತು. ಅದು ತಿಳಿಯಾಗುವ ಹೊತ್ತಿಗೆ ನಾಯಕಿ ಎದ್ದು ನಿಂತು ಕೂದಲು ಸರಿ ಮಾಡಿಕೊಳ್ಳುತ್ತಿದ್ದಳು. ಅವಳ ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಮುನಿಯಣ್ಣ ನಿಧಾನವಾಗಿ ತಿರುಗಿ ಮಗಳನ್ನು ನೋಡಿದರು.

"ಇಷ್ಟ್ ದೊಡ್ಡ ಟೀವಿನಾಗೂ ನೀನು ಕಾಣ್ಲಿಲ್ವಲ್ಲಮ್ಮ."

ರುದ್ರಮ್ಮ ನಕ್ಕು, "ನಾನು ಕಾಣಬಾರ್ದು ಅಂತಾನೇ ಕಣಪ್ಪ ನನ್ನ ಕರೆಯೋದು," ಎಂದಳು. ಒಳಗೆ ಹೋಗಿ ಬೋಂಡದ ತಟ್ಟೆ ತಂದಿಟ್ಟಳು. ಆದರೆ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತು.

ಅವಳಿಗೆ ನಲವತ್ತೈದು ತುಂಬಿತ್ತು. ಹುಡುಗಿಯಾಗಿದ್ದಾಗ ಕಬಡ್ಡಿ ಆಡುತ್ತಿದ್ದಳು. ಜಯನಗರದ ಮೈದಾನದಲ್ಲಿ ನಡೆದ ಒಂದು ಪಂದ್ಯದಲ್ಲಿ ನಾಲ್ವರು ಸೇರಿ ಅವಳನ್ನು ಎತ್ತಿ ಹಾಕಿದ್ದರು. ಬಿದ್ದವಳು ಚೆಂಡಿನ ಹಾಗೆ ಉರುಳಿ ಎದ್ದು, ಏನೂ ಆಗಿಲ್ಲವೆಂಬಂತೆ ಮೈ ಕೊಡವಿದಳು. ಅಂಚಿನಲ್ಲಿ ನಿಂತು ನೋಡುತ್ತಿದ್ದ ಫೈಟ್ ಮಾಸ್ಟರ್ ಭೀಮಪ್ಪ ಆಟ ಮುಗಿದ ಮೇಲೆ ಹತ್ತಿರ ಬಂದರು. ಅವರು ಗದಗದ ಕಡೆಯವರು, ಗರಡಿ ಮನೆಯಿಂದ ಸಿನಿಮಾಕ್ಕೆ ಬಂದವರು. "ತಂಗಿ, ಜಗತ್ತಿನಾಗ ಎಲ್ಲಾರೂ ಬೀಳ್ತಾರ. ನಿನ್ನಂಗ ಬೀಳೂದು ಒಂದು ವಿದ್ಯಾ ಐತಿ. ಬರ್ತೀಯೇನು?" ಎಂದು ಕೇಳಿದ್ದರು. ಮುಂದಿನ ತಿಂಗಳು ಅವಳು ಉರಿಯುವ ಗುಡಿಸಲಿನ ಮಾಡಿನಿಂದ ಹಾರಿದಳು. ಅಂದಿನಿಂದ ಎಷ್ಟು ನಟಿಯರ ಸೀರೆ, ಎಷ್ಟು ನಟಿಯರ ಸವರಿ ಕೂದಲು ಹಾಕಿಕೊಂಡಳೋ ಅವಳಿಗೇ ಲೆಕ್ಕವಿರಲಿಲ್ಲ.

ಈ ಗಿರಣಿಯ ಜಿಗಿತ ಮಾತ್ರ ಬೇರೆಯಾಗಿತ್ತು. ವಸಂತಪುರದ ಆಚೆ ಮುಚ್ಚಿದ್ದ ಒಂದು ಗಿರಣಿಯಲ್ಲಿ ಮೂವತ್ತು ಅಡಿ ಎತ್ತರದಿಂದ ಹಾರಿದ್ದು. ಕೆಳಗೆ ಖಾಲಿ ರಟ್ಟಿನ ಡಬ್ಬಗಳನ್ನು ಐದು ವರಸೆ ಜೋಡಿಸಿ, ಮೇಲೆ ಹಾಸಿಗೆ ಹಾಸಿ, ಅದರ ಸುತ್ತ ಹೊಟ್ಟು ಸುರಿದು, ಅವಳು ಹಾರಿದೊಡನೆ ಅದನ್ನು ಮೇಲಕ್ಕೆ ಚಿಮ್ಮಿಸಲು ದೊಡ್ಡ ಫ್ಯಾನುಗಳನ್ನು ಇಟ್ಟಿದ್ದರು. ಗಾಳಿಯಲ್ಲಿದ್ದಾಗ ಅವಳಿಗೆ ಕಿವಿ ಕೇಳಿಸದೆ ಹೋಗಿತ್ತು. ಹೊಟ್ಟಿನ ಒಂದೊಂದು ಎಸಳೂ ಬೆಳಕಿನಲ್ಲಿ ಬಂಗಾರದ ಚೂರಿನಂತೆ ಹೊಳೆಯುತ್ತಾ ಮೇಲೇಳುವುದನ್ನು ಕಂಡಿದ್ದಳು. ಮತ್ತೆ ಇಷ್ಟು ಎತ್ತರ ಹಾರಲಾರೆ ಎಂದು ಆಗಲೇ ಗೊತ್ತಾಗಿತ್ತು. ಅದಕ್ಕೇ ಅಪ್ಪನಿಗೆ ಅದೊಂದನ್ನು ತೋರಿಸಬೇಕೆಂದು ಆಸೆಪಟ್ಟಿದ್ದಳು.

ಮೊದಲು ಕೇಬಲ್ ಕೆಟ್ಟಿದೆ ಎಂದುಕೊಂಡರು. ದೇವರಾಜ್ ಪಕ್ಕದ ಬೀದಿಯಲ್ಲಿ ಛತ್ರಿ ಆಂಟೆನಾ ಇದ್ದ ಮನೆಯಲ್ಲಿ ಮರುಪ್ರಸಾರ ನೋಡಿ ಬಂದ. ಅಲ್ಲಿಯೂ ಹಾಗೆಯೇ. ಫೋನಿನಲ್ಲಿ ಚಾನೆಲ್ಲಿನ ಆ್ಯಪ್ ತೆಗೆದು ನೋಡಿದರು. ಚೌಕಗಳು ಸ್ವಲ್ಪ ಚಿಕ್ಕವಾಗಿದ್ದವು, ಕೆಸರು ಅದೇ ಕೆಸರು.

"ಮಾತಾಡೋ ಸೀನೆಲ್ಲ ಕನ್ನಡಿ ಹಂಗಿದೆ, ನೀನು ಬೀಳೋದೊಂದೇ ಕೆಟ್ಟಿದೆಯಲ್ಲೇ ರುದ್ರಿ. ಇದೇನ್ ಮಾಯ?" ಎಂದು ದೇವರಾಜ್ ತಲೆ ಕೆರೆದುಕೊಂಡ.

ಭೀಮಪ್ಪ ಮಾಸ್ಟರಿಗೆ ಫೋನ್ ಮಾಡಿದಳು. ಅವರೂ ನೋಡಿ ಬೇಜಾರಾಗಿದ್ದರು. "ಕ್ಯಾಮೆರಾದಾಗ ಭಾಳ ಚಂದ ಬಂದಿತ್ತವ್ವ. ಅಲ್ಲಿಂದ ಟೀವಿಗೆ ಹೋಗೂದರಾಗ ಏನಾತೋ. ಜೆ.ಪಿ. ನಗರದ ಸ್ಟುಡಿಯೋದಾಗ ಫೈಲ್ ತಯಾರ ಮಾಡೂ ಹುಡುಗಿ ಅದಾಳ, ಬಿಂದುಶ್ರೀ ಅಂತ. ಹೋಗಿ ಕೇಳು."

ಜಗಳ ಆಡುವ ಮನಸ್ಸಿನಿಂದಲೇ ರುದ್ರಮ್ಮ ಹೋದಳು. ಬೆಳಿಗ್ಗೆ ಹನ್ನೊಂದರ ಹೊತ್ತು. ಮೂರನೆಯ ಮಹಡಿಯಲ್ಲಿ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ ಕೋಣೆ. ಒಳಗೆ ಮೂರು ಪರದೆಗಳ ಮುಂದೆ, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಇಪ್ಪತ್ತೇಳು ವರ್ಷದ ಹುಡುಗಿಯೊಬ್ಬಳು ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು.

"ಮೇಡಂ, ನಾನು ಗಿರಣಿ ಸೀನಲ್ಲಿ ಬಿದ್ದವಳು," ಎಂದಳು ರುದ್ರಮ್ಮ.

ಬಿಂದುಶ್ರೀ ಚಮಚ ಡಬ್ಬಿಯಲ್ಲೇ ಬಿಟ್ಟು ಎದ್ದು ನಿಂತಳು. "ಅಯ್ಯೋ, ಅದು ನೀವಾ ಅಕ್ಕ? ಆ ಶಾಟ್ ನಾನು ಎಷ್ಟ್ ಸಲ ನೋಡಿದೀನಿ ಗೊತ್ತಾ? ಬನ್ನಿ, ಕೂತ್ಕೊಳ್ಳಿ. ಮೇಡಂ ಎಲ್ಲ ಬೇಡ."

ಜಗಳ ಅಲ್ಲೇ ಅರ್ಧ ಕರಗಿತು. ಆದರೂ ರುದ್ರಮ್ಮ ಬಂದ ವಿಷಯ ಹೇಳಿದಳು. ಅಪ್ಪ ಅಂದ ಮಾತನ್ನೂ ಹೇಳಿದಳು. ಬಿಂದುಶ್ರೀಯ ಮುಖ ಸಪ್ಪಗಾಯಿತು.

"ಮೊದಲು ಅಸಲಿ ಫೈಲು ನೋಡಿ ಅಕ್ಕ. ಆಮೇಲೆ ಏನಾಯ್ತು ಅಂತ ಹೇಳ್ತೀನಿ."

ದೊಡ್ಡ ಪರದೆಯ ಮೇಲೆ ಗಿರಣಿ ಮೂಡಿತು. ಅಟ್ಟದ ಹಲಗೆಯ ಗೆರೆಗಳು, ಗೋಡೆಯ ಸುಣ್ಣ ಚಕ್ಕೆಯೆದ್ದ ಕಡೆ ಕಾಣುವ ಇಟ್ಟಿಗೆ, ಎಲ್ಲವೂ. ಆಮೇಲೆ ಅವಳು ಹಾರಿದಳು. ಹೊಟ್ಟು ಎದ್ದಿತು. ಒಂದೊಂದು ಎಸಳೂ ಬೇರೆ ಬೇರೆ, ಒಂದೊಂದಕ್ಕೂ ಅದರದೇ ನೆರಳು, ಅದರದೇ ಹೊಳಪು. ಆ ಬಂಗಾರದ ಮಳೆ ಕೆಳಗಿನಿಂದ ಮೇಲಕ್ಕೆ ಸುರಿಯುತ್ತಿತ್ತು. ಅದರ ನಡುವೆ ಬೆನ್ನು ಕೆಳಗಾಗಿ, ಕೈ ಚಾಚಿ ಒಂದು ಹೆಣ್ಣು ತೇಲುತ್ತಿದ್ದಳು.

ರುದ್ರಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಗಾಳಿಯಲ್ಲಿದ್ದಾಗ ಅವಳು ಒಳಗಿನಿಂದ ಕಂಡದ್ದನ್ನೇ ಈ ಕ್ಯಾಮೆರಾ ಹೊರಗಿನಿಂದ ಕಂಡಿತ್ತು.

"ಇನ್ನೊಂದ್ಸಲ ಹಾಕಮ್ಮ."

ನಾಲ್ಕು ಸಲ ಹಾಕಿಸಿದಳು. ಆಮೇಲೆ ಕೇಳಿದಳು: "ಇಷ್ಟು ಚೆನ್ನಾಗಿರೋದನ್ನ ಹಿಂಗೇ ಕಳಿಸೋಕೆ ಏನಾಗಿತ್ತು ನಿಮಗೆ?"

"ಹಿಡಿಸಲ್ಲ ಅಕ್ಕ. ಇದು ನಲವತ್ತು ಮೂಟೆ ಇದೆ ಅಂದ್ಕೊಳ್ಳಿ. ನಾನು ಒಂದೇ ಮೂಟೆ ಮಾಡಿ ಕಳಿಸ್ಬೇಕು. ಆ ಒಂದು ಮೂಟೆನಲ್ಲೇ ಮನೆ ಮನೆಗೂ ಚಿತ್ರ ಹೋಗ್ಬೇಕು."

"ಉಳಿದ ಮೂವತ್ತೊಂಬತ್ತು ಮೂಟೆ?"

"ಬಿಸಾಕ್ತೀವಿ. ಅದು ಹೋಗಿದ್ದು ಯಾರಿಗೂ ಗೊತ್ತಾಗ್ಬಾರ್ದು, ಅದೇ ನನ್ನ ಕೆಲಸ."

ರುದ್ರಮ್ಮನಿಗೆ ಇದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನೂರರಲ್ಲಿ ತೊಂಬತ್ತೇಳು ಪಾಲು ಎಸೆದ ಮೇಲೂ ಆ ನಾಯಕಿಯ ರೆಪ್ಪೆ ಎಣಿಸುವಂತೆ ಕಾಣುವುದು ಹೇಗೆ?

ಬಿಂದುಶ್ರೀ ಬೇರೊಂದು ಸೀನು ತೆಗೆದಳು. ಇಬ್ಬರು ಅಧಿಕಾರಿಗಳು ಮೇಜಿನ ಆಚೀಚೆ ಕೂತು ಮಾತಾಡುತ್ತಿದ್ದರು. ಒಂದು ಗುಂಡಿ ಒತ್ತಿದ್ದೇ ಚಿತ್ರದ ಮೇಲೆಲ್ಲ ಸಣ್ಣ ಸಣ್ಣ ಚೌಕಗಳ ಬಲೆ ಬಿತ್ತು.

"ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಅಕ್ಕ. ಮೊದಲನೇ ಚಿತ್ರದಲ್ಲಿ ಈ ಗೋಡೆ, ಈ ಕ್ಯಾಲೆಂಡರ್, ಈ ಮೇಜು ಎಲ್ಲ ಕಳಿಸ್ತೀವಿ. ಎರಡನೇದ್ರಲ್ಲಿ ಗೋಡೆ ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ. ಅದಕ್ಕೆ ಮಷೀನು 'ಗೋಡೆ ಹಿಂದಿನ ತರಾನೇ' ಅಂತ ಅಷ್ಟೇ ಹೇಳುತ್ತೆ. ಮತ್ತೆ ಗೋಡೆ ಬರೆಯಲ್ಲ. ಅಲ್ಲಾಡಿದ್ದನ್ನ ಮಾತ್ರ ಹೇಳುತ್ತೆ. ಇವರಿಬ್ಬರ ತುಟಿ, ಈ ಬೆರಳು. ಮಿಕ್ಕಿದ್ದೆಲ್ಲ ನಿಮ್ಮನೆ ಟೀವಿನೇ ಹಿಂದಿನ ಚಿತ್ರದಿಂದ ಎತ್ಕೊಂಡು ತುಂಬ್ಕೊಳ್ಳುತ್ತೆ."

"ಅಂದ್ರೆ ನಾವು ನೋಡ್ತಿರೋ ಗೋಡೆ..."

"ಹಳೇ ಗೋಡೆ. ಎರಡು ಸೆಕೆಂಡ್ ಹಿಂದೆ ಬಂದಿದ್ದು."

ರುದ್ರಮ್ಮ ಪರದೆಯನ್ನೇ ದಿಟ್ಟಿಸಿದಳು. ಇಷ್ಟು ವರ್ಷ ಊರಿನ ಮನೆ ಮನೆಯಲ್ಲಿ ಕೂತವರೆಲ್ಲ ನೋಡುತ್ತಿದ್ದದ್ದು ಪೂರ್ತಿ ಚಿತ್ರವಲ್ಲ, ಬದಲಾದದ್ದರ ಸುದ್ದಿ ಮಾತ್ರ. ಆ ಪುಟ್ಟ ಸುದ್ದಿಯಿಂದ ಟೀವಿ ಡಬ್ಬಿಯೊಳಗಿನ ಯಾವುದೋ ಚೂರು ಕ್ಷಣಕ್ಷಣಕ್ಕೂ ಇಡೀ ಜಗತ್ತನ್ನು ಮತ್ತೆ ಕಟ್ಟಿ ನಿಲ್ಲಿಸುತ್ತಿತ್ತು.

"ಈಗ ನಿಮ್ಮ ಸೀನು ನೋಡಿ."

ಗಿರಣಿ ಮತ್ತೆ ಬಂತು. ಬಿಂದುಶ್ರೀ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ರುದ್ರಮ್ಮನ ಮೈಮೇಲಿನ ಪ್ರತಿಯೊಂದು ಚೌಕದಿಂದಲೂ ಒಂದು ಸಣ್ಣ ಹಸಿರು ಬಾಣ ಹೊರಟಿತ್ತು. ಗೋಡೆಯಲ್ಲಿ ಒಂದೂ ಇರಲಿಲ್ಲ. ಬೀಳುತ್ತಿದ್ದ ಮೈ ಮಾತ್ರ ಬಾಣಗಳಿಂದ ತುಂಬಿತ್ತು, ಗಾಳಿಗೆ ಒಂದೇ ಕಡೆ ಬಾಗಿದ ರಾಗಿಯ ಹೊಲದ ಹಾಗೆ.

"ನಾನು ಕೆಳಗೆ ಬೀಳ್ತಿದೀನಿ. ಬಾಣ ಯಾಕೆ ಮೇಲಕ್ಕಿದೆ?"

ಬಿಂದುಶ್ರೀ ನಕ್ಕಳು. "ಎಲ್ಲಾರೂ ಅದನ್ನೇ ಕೇಳ್ತಾರೆ. ಅದು ನೀವು ಎಲ್ಲಿಗೆ ಹೋಗ್ತೀರಿ ಅಂತ ಅಲ್ಲ ಅಕ್ಕ. ಮಷೀನು ನಿಮ್ಮ ಮೈಯ ಒಂದೊಂದು ಚೂರನ್ನೂ, ನೀನು ಈಗ ತಾನೆ ಎಲ್ಲಿದ್ದೆ ಅಂತ ಕೇಳುತ್ತೆ. ಭುಜ ಹೇಳುತ್ತೆ, ನಾನು ಇಷ್ಟು ಮೇಲಿದ್ದೆ. ಮೊಣಕೈ ಹೇಳುತ್ತೆ, ನಾನು ಅಲ್ಲಿದ್ದೆ. ಸಿಕ್ಕಿದ ತಕ್ಷಣ ಅಲ್ಲಿಂದ ಎತ್ತಿ ಇಲ್ಲಿಡುತ್ತೆ. ಹೊಸದಾಗಿ ಬರೆಯೋದು ತಪ್ಪುತ್ತೆ."

"ಯಾರು ಹುಡುಕ್ತಾರೆ ಇದನ್ನೆಲ್ಲ?"

"ಮಷೀನೇ. ಒಂದು ಚಿತ್ರದಲ್ಲಿ ಸಾವಿರಾರು ಚೂರು. ಒಂದೊಂದಕ್ಕೂ ಸುತ್ತಮುತ್ತ ಹುಡುಕಿ ನೋಡುತ್ತೆ. ಹಿಂಗೆ ಸೆಕೆಂಡಿಗೆ ಇಪ್ಪತ್ತೈದು ಸಲ."

ಮುಂದಿನ ಚಿತ್ರಗಳಲ್ಲಿ ಹೊಟ್ಟು ಎದ್ದಿತು. ಅಷ್ಟು ಹೊತ್ತು ಶಿಸ್ತಾಗಿದ್ದ ಬಾಣಗಳು ಕಲ್ಲು ಬಿದ್ದ ಗುಬ್ಬಿ ಹಿಂಡಿನಂತೆ ದಿಕ್ಕಾಪಾಲಾದವು. ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ವಕ್ರವಾಗಿ. ಕೆಲವು ಚೌಕಗಳಲ್ಲಿ ಬಾಣವೇ ಇಲ್ಲದೆ ಬರೀ ಕೆಂಪು ಬಣ್ಣ.

"ಇಲ್ಲಿ ಸೋತು ಹೋಯ್ತು ನೋಡಿ," ಎಂದಳು ಬಿಂದುಶ್ರೀ. "ಒಂದೊಂದು ಹೊಟ್ಟೂ ಒಂದೊಂದು ಕಡೆ ಹಾರುತ್ತೆ, ತಿರುಗುತ್ತೆ, ಹೊಳೆಯುತ್ತೆ. ಹಿಂದೆ ಎಲ್ಲಿತ್ತು ಅಂತ ಹುಡುಕಿದ್ರೆ ಸಿಗಲ್ಲ. ಕೆಂಪಿರೋದೆಲ್ಲ ಹೊಸದಾಗಿ ಬರೀಬೇಕು. ಬರಿಯೋಕೆ ಕೊಟ್ಟಿರೋ ಜಾಗ ಅಷ್ಟೇ. ಆಗ ಏನ್ ಮಾಡುತ್ತೆ, ಒರಟೊರಟಾಗಿ ಬಳಿದುಬಿಡುತ್ತೆ. ಅದೇ ನೀವು ನೋಡಿದ ಚೌಕ. ಹೊಟ್ಟು, ಮಳೆ, ಧೂಳು, ಹೊಗೆ... ಫೈಟ್ ಸೀನಲ್ಲಿ ನೀವು ಏನೇನ್ ಹಾಕ್ತೀರೋ ಅದೆಲ್ಲ ಇದಕ್ಕೆ ಆಗಲ್ಲ."

ಮತ್ತೆ ಹೇಳಿದಳು: "ಟೀವಿಲಿ ಇನ್ನೊಂದು ಕತೆ. ಒಂದೇ ಪೈಪಲ್ಲಿ ಎಂಟು ಹತ್ತು ಚಾನೆಲ್ ಹೋಗುತ್ತೆ. ಕಾವೇರಿ ನೀರು ಬಿಟ್ಟಾಗ ಮುಂದಿನ ಮನೆಯವರು ಮೋಟರ್ ಹಾಕಿದ್ರೆ ನಮ್ಮನೆ ನಲ್ಲಿ ಸಣ್ಣ ಆಗುತ್ತಲ್ಲ, ಹಂಗೆ. ಆ ಭಾನುವಾರ ಪಕ್ಕದ ಚಾನೆಲ್ಲಲ್ಲಿ ಕ್ರಿಕೆಟ್ ಇತ್ತು. ಅವರೇನಾದ್ರೂ ಜಾಸ್ತಿ ಎಳ್ಕೊಂಡ್ರೋ ಏನೋ."

"ಅಂದ್ರೆ ನಾನು ಬೀಳೋ ಹೊತ್ತಿಗೆ ಅಲ್ಲಿ ಯಾವನೋ ಸಿಕ್ಸರ್ ಹೊಡ್ದ!"

ಇಬ್ಬರೂ ನಕ್ಕುಬಿಟ್ಟರು. ನಕ್ಕ ಮೇಲೆ ಬಿಂದುಶ್ರೀ ತಲೆ ತಗ್ಗಿಸಿದಳು. "ಆದ್ರೆ ಆ್ಯಪಿಗೆ ಕಳಿಸಿದ ಫೈಲಲ್ಲಿ ತಪ್ಪು ನಂದೇ ಅಕ್ಕ. ಎಡಿಟಿಂಗ್ ಮುಗಿದು ನನ್ನ ಕೈಗೆ ಬಂದಿದ್ದೇ ಭಾನುವಾರ ಮಧ್ಯಾಹ್ನ. ಬೇಗ ಆಗ್ಲಿ ಅಂತ ಮಷೀನನ್ನ ಒಂದೇ ಸಲಕ್ಕೆ ಓಡಿಸಿಬಿಟ್ಟೆ. ಎರಡು ಸಲ ಓಡಿಸಿದ್ರೆ ಮೊದಲನೇ ಸಲ ಸುಮ್ಮನೆ ಪೂರ್ತಿ ನೋಡ್ಕೊಳ್ಳುತ್ತೆ, ಎಲ್ಲಿ ಗದ್ದಲ, ಎಲ್ಲಿ ಸುಮ್ಮನೆ ಅಂತ. ಎರಡನೇ ಸಲ ಕೂತು ಮಾತಾಡೋ ಸೀನಿಂದ ಉಳಿಸಿ ನಿಮ್ಮಂಥವರ ಸೀನಿಗೆ ಕೊಡುತ್ತೆ. ಮತ್ತೆ ಮಾಡಿ ಕಳಿಸ್ತೀನಿ. ನಾಯಕಿ ಆಫೀಸಲ್ಲಿ ಹನ್ನೆರಡು ನಿಮಿಷ ಕೂತೇ ಇದ್ದಾರೆ. ಅವರಿಂದ ತಗೊಂಡು ನಿಮಗೆ ಕೊಡ್ತೀನಿ."

ರುದ್ರಮ್ಮನ ಕಣ್ಣು ಪರದೆಯ ಮೇಲೇ ಇತ್ತು. ಅಲ್ಲಿ ಏನೋ ಅವಳನ್ನು ಹಿಡಿದು ನಿಲ್ಲಿಸಿತ್ತು.

"ಸ್ವಲ್ಪ ಹಿಂದೆ ತಗೊಳ್ಳಮ್ಮ. ಹೊಟ್ಟು ಏಳೋದಕ್ಕೆ ಮುಂಚೆ. ಹಾಂ, ಅಲ್ಲಿ. ಒಂದೊಂದೇ ಬಿಡು."

ಬೀಳುವಾಗ ನಡುವಿನಲ್ಲಿ ಎರಡೂ ಮಂಡಿಗಳನ್ನು ಎದೆಯ ಕಡೆ ಸೆಳೆದುಕೊಳ್ಳಬೇಕು; ಹಾಗೆ ಸೆಳೆದರೇ ಬೆನ್ನು ಸಮವಾಗಿ ಹಾಸಿಗೆಗೆ ತಾಗುವುದು. ಒಂದು ಚಿತ್ರದಲ್ಲಿ ಬಲಗಾಲಿನ ಬಾಣಗಳು ಗಿಡ್ಡವಾದವು, ಕಾಲು ಮೇಲಕ್ಕೆ ಬರತೊಡಗಿತ್ತು. ಎಡಗಾಲಿನ ಬಾಣಗಳು ಉದ್ದಕ್ಕೇ ಇದ್ದವು. ಮುಂದಿನ ಚಿತ್ರ. ಎಡಗಾಲು ಹಾಗೆಯೇ. ಮುಂದಿನದು. ಹಾಗೆಯೇ. ಐದು ಚಿತ್ರಗಳಾದ ಮೇಲೆ ಎಡಗಾಲಿನ ಬಾಣಗಳೂ ಗಿಡ್ಡವಾದವು.

"ಐದು," ಎಂದಳು ರುದ್ರಮ್ಮ. "ಐದು ಚಿತ್ರ ಅಂದ್ರೆ ಎಷ್ಟು ಹೊತ್ತು?"

"ಸೆಕೆಂಡಿನ ಐದನೇ ಒಂದು ಭಾಗ. ಯಾಕಕ್ಕಾ?"

ಹದಿನಾಲ್ಕು ವರ್ಷಗಳ ಹಿಂದೆ, ಓಡುವ ಟೆಂಪೋದಿಂದ ಹಾರಿದಾಗ ಎಡ ಮಂಡಿಯೊಳಗೆ ಏನೋ ಟಪ್ಪೆಂದಿತ್ತು. ಆವತ್ತು ಅವಳು ಎದ್ದು ನಿಂತು ಕೈಯೆತ್ತಿ 'ಏನೂ ಆಗಿಲ್ಲ' ಎಂದು ಸನ್ನೆ ಮಾಡಿದಳು. ಪೆಟ್ಟಾಗಿದೆ ಎಂದರೆ ಮುಂದಿನ ಸಲ ಕರೆಯುವುದಿಲ್ಲ. ದೇವರಾಜನಿಗೆ ಉಳುಕು ಎಂದಳು. ಎಣ್ಣೆ ಹಚ್ಚಿದಳು, ಬಟ್ಟೆ ಬಿಗಿದಳು. ವರ್ಷಗಳು ಕಳೆದಂತೆ ವಾಸಿಯಾಗಿದೆ ಎಂದು ತಾನೇ ನಂಬಿದಳು. ಮಾಸ್ಟರ್ ನೋಡಲಿಲ್ಲ, ಕ್ಯಾಮೆರಾ ಹಿಡಿದವರು ನೋಡಲಿಲ್ಲ, ಸಾವಿರಾರು ಮನೆಗಳಲ್ಲಿ ಕೂತವರು ನೋಡಲಿಲ್ಲ. ಗೋಡೆಗೂ ಮನುಷ್ಯರಿಗೂ ವ್ಯತ್ಯಾಸ ತಿಳಿಯದ, ಬರೀ ಜಾಗ ಉಳಿಸಲು ಕೂತ ಒಂದು ಯಂತ್ರ ಅವಳ ಮೈಯ ಚೂರು ಚೂರನ್ನೂ ನೀನು ಎಲ್ಲಿದ್ದೆ ಎಂದು ಕೇಳಿತ್ತು. ಎಡಗಾಲು ಸುಳ್ಳು ಹೇಳಿರಲಿಲ್ಲ.

ಮುಂದಿನ ಸಲ ಐದು ಆರಾಗಿದ್ದರೆ? ಬೆನ್ನಿಗೆ ಬದಲು ಕತ್ತು ತಾಗುತ್ತಿತ್ತು. ಅದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಮೆಲ್ಲಗೆ ಕೈಚಾಚಿ ಪರದೆಯ ಮೇಲಿನ ಆ ಎಡಗಾಲನ್ನು ಬೆರಳಿನಿಂದ ಮುಟ್ಟಿದಳು. "ಇದಕ್ಕೆ ಎಲ್ಲಾನೂ ಗೊತ್ತಾಗುತ್ತೆ ಅಲ್ವಾ?" ಎಂದಳು.

"ಇಲ್ಲ ಅಕ್ಕ, ಅದಕ್ಕೆ ಏನೂ ಗೊತ್ತಿಲ್ಲ," ಎಂದಳು ಬಿಂದುಶ್ರೀ. "ಅದು ಬರೀ ಹುಡುಕುತ್ತೆ. ಗೊತ್ತಾಗಿದ್ದು ನಿಮಗೆ."

ಆ ಮಧ್ಯಾಹ್ನ ಅವಳು ಬಸ್ಸಿನಿಂದಿಳಿದು ನೇರವಾಗಿ ಮನೆಗೆ ಹೋಗಲಿಲ್ಲ. ಯಡಿಯೂರು ಕೆರೆಯ ಏರಿಯ ಮೇಲೆ ಹೋಗಿ ಕೂತಳು. ಗಾಳಿಗೆ ನೀರಿನ ಮೇಲೆ ಅಲೆಯೆದ್ದು ಬಿಸಿಲು ಲಕ್ಷ ಚೂರಾಗಿ ಮಿನುಗುತ್ತಿತ್ತು. ಯಾವ ಎರಡು ಚೂರೂ ಒಂದೇ ಕಡೆ ಹೋಗುತ್ತಿರಲಿಲ್ಲ. ಬಿಂದುಶ್ರೀಯ ಯಂತ್ರಕ್ಕೆ ಇದನ್ನು ತೋರಿಸಿದರೆ ಅದು ಬೆಚ್ಚಿ ಎಲ್ಲ ಚೌಕಗಳನ್ನೂ ಕೆಂಪು ಮಾಡಿಬಿಡುತ್ತಿತ್ತು. ಅವಳ ಕಣ್ಣಿಗೆ ಮಾತ್ರ ಅದು ಇಡಿಯಾಗಿ, ಪುಕ್ಕಟೆಯಾಗಿ ತುಂಬಿಕೊಳ್ಳುತ್ತಿತ್ತು. ಚಿಕ್ಕಂದಿನಿಂದ ನೋಡಿದ ಕೆರೆ. ಅರ್ಧ ಗಂಟೆ ಅವಳಿಗೆ ಅಲ್ಲಿಂದ ಏಳಲಾಗಲಿಲ್ಲ.

ಆ ವಾರದಲ್ಲೇ ಭೀಮಪ್ಪ ಮಾಸ್ಟರನ್ನು ಸ್ಟುಡಿಯೋಗೆ ಕರೆದುಕೊಂಡು ಹೋದಳು. ಏನೂ ಹೇಳದೆ ಆ ಐದು ಚಿತ್ರಗಳನ್ನು ತೋರಿಸಿದಳು. ಎಪ್ಪತ್ತರ ಮುದುಕ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಎಡಗಾಲು," ಎಂದರು. "ಯಾವಾಗಿನಿಂದ?"

"ಟೆಂಪೋ ಸೀನಿಂದ ಮಾಸ್ಟ್ರೇ."

ಅವರ ಮುಖ ಕಪ್ಪಿಟ್ಟಿತು. ಬೈಯುತ್ತಾರೆ ಎಂದುಕೊಂಡಳು. ಅವರು ಬೈಯಲಿಲ್ಲ. "ಪ್ರತಿ ಸಲ ನೀ ಬಿದ್ದಾಗ ನಾ ನಿನ್ನ ಮಾರಿ ನೋಡ್ತಿದ್ದೆ, ನಗ್ತೀಯೋ ಇಲ್ಲೋ ಅಂತ. ನೀ ನಗ್ತಿದ್ದಿ. ನಾ ಅಷ್ಟಕ್ಕ ಬಿಟ್ಟೆ," ಎಂದರು. ಆಮೇಲೆ ಬಿಂದುಶ್ರೀಯ ಕಡೆ ತಿರುಗಿ ಕೈಮುಗಿದರು. ಅವಳು ಗಾಬರಿಯಾಗಿ ಎದ್ದು ನಿಂತಳು. "ನಿನಗಲ್ಲವ್ವ, ಇದಕ್ಕ," ಎಂದು ಪರದೆ ತೋರಿಸಿದರು.

ಜೆ.ಪಿ. ನಗರದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿಸಿದಾಗ ಮಂಡಿಯೊಳಗಿನ ಲಿಗಮೆಂಟು ಅರ್ಧಕ್ಕಿಂತ ಹೆಚ್ಚು ಹರಿದಿರುವುದು ಗೊತ್ತಾಯಿತು. "ಇಷ್ಟು ವರ್ಷ ಆದ್ಮೇಲೆ ಈಗ ಹೆಂಗೆ ಅನುಮಾನ ಬಂತು? ನೋವು ಜಾಸ್ತಿ ಆಯ್ತಾ?" ಎಂದು ಡಾಕ್ಟರು ಕೇಳಿದರು. "ಇಲ್ಲ ಸಾರ್, ಟೀವಿಲಿ ಚಿತ್ರ ಸರಿಯಾಗಿ ಬರ್ಲಿಲ್ಲ, ಅದಕ್ಕೆ ಬಂದೆ," ಎಂದು ರುದ್ರಮ್ಮ ಹೇಳಿದಳು. ಡಾಕ್ಟರು ದೇವರಾಜನ ಮುಖ ನೋಡಿದರು. ದೇವರಾಜ್ ಗಂಭೀರವಾಗಿ ಹೌದೆಂದು ತಲೆ ಆಡಿಸಿದ.

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗುವ ಮೊದಲೇ ಬಿಂದುಶ್ರೀ ಹೊಸ ಫೈಲು ಕಳಿಸಿಯಾಗಿತ್ತು. ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ದೇವರಾಜ್ ದೊಡ್ಡ ಟೀವಿಯಲ್ಲಿ ಆ್ಯಪ್ ತೆರೆದ. ಈ ಸಲ ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಕರೆದಿರಲಿಲ್ಲ. ಅಸಲಿಯಷ್ಟು ನಿಚ್ಚಳವಾಗಿರಲಿಲ್ಲ, ದೂರದ ಹೊಟ್ಟು ಇನ್ನೂ ಅಲ್ಲಲ್ಲಿ ಮೆತ್ತಗೇ ಇತ್ತು. ಆದರೆ ಎಸಳುಗಳು ಎಸಳುಗಳಾಗಿ ಕಾಣುತ್ತಿದ್ದವು. ಅವುಗಳ ನಡುವೆ ಕೈಚಾಚಿ ತೇಲುತ್ತಿದ್ದವಳು ಯಾರೆಂದು ಅಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ.

ಮುನಿಯಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. ಟೀವಿಯ ಹತ್ತಿರ ಹೋಗಿ ನಿಂತು, ಹೊಟ್ಟೆಲ್ಲ ಇಳಿದು ಮುಗಿಯುವವರೆಗೂ ನೋಡಿದರು. ಆಮೇಲೆ ತಿರುಗಿ, ಹಿಂದೆಂದೂ ನೋಡದವರ ಹಾಗೆ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಂಗೆ ಆರ್ತಿದ್ದೇನಮ್ಮ ನೀನು? ಇಷ್ಟ್ ವರ್ಸ?"

"ಹೂಂ ಕಣಪ್ಪ."

"ನಾನು ಎದ್ದು ಓಗಿಬಿಡ್ತಿದ್ದೆ," ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಒರೆಸಿಕೊಳ್ಳುವುದನ್ನು ಮರೆತು, "ಇನ್ನೊಂದ್ ಕಿತ ಆಕಪ್ಪ ದೇವರಾಜ," ಎಂದರು.

ಮಂಡಿಗೆ ಚಿಕಿತ್ಸೆಯಾಗಿ ಈಗ ಎಂಟು ತಿಂಗಳು. ರುದ್ರಮ್ಮ ಇನ್ನು ಹಾರುವುದಿಲ್ಲ. ಭೀಮಪ್ಪ ಮಾಸ್ಟರ ತಂಡದಲ್ಲಿ ಯಾರು ಎಲ್ಲಿಂದ ಬೀಳಬೇಕು, ಹೇಗೆ ಬೀಳಬೇಕು ಎಂದು ಗೊತ್ತು ಮಾಡುವವಳು ಅವಳೇ. ಪ್ರತಿ ಜಿಗಿತವೂ ಬಿಂದುಶ್ರೀಯ ಕೋಣೆಗೆ ಹೋಗಿ ಬಾಣಗಳ ಪರೀಕ್ಷೆ ಮುಗಿಸಿಯೇ ಮುಂದಕ್ಕೆ ಹೋಗುತ್ತದೆ. ಇತ್ತೀಚೆಗೆ ಇಬ್ಬರೂ ಸೇರಿ ನಿರ್ದೇಶಕರಿಗೂ ಪಾಠ ಹೇಳತೊಡಗಿದ್ದಾರೆ. ಧೂಳು ಬೇಕಾದರೆ ಬೀಳುವವರ ಹಿಂದೆ ಇರಲಿ, ಮುಂದೆ ಬೇಡ. ಬೀಳುವ ಕಡೆ ಗೋಡೆ ಬೋಳಾಗಿರಲಿ. ಆಗ ಉಳಿದ ಜಾಗವೆಲ್ಲ ಮೈಗೇ ಸಿಗುತ್ತದೆ. ಅರವತ್ತು ಧಾರಾವಾಹಿ ಮಾಡಿದ ನಿರ್ದೇಶಕರೊಬ್ಬರು, "ಇದೆಲ್ಲ ನಿಮಗೆ ಹೆಂಗೆ ಗೊತ್ತು ರುದ್ರಮ್ಮ?" ಎಂದು ಕೇಳಿದ್ದುಂಟು.

ಮೊನ್ನೆ ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದಿತ್ತು. ಬಿಂದುಶ್ರೀ ಕಾಫಿ ತರಿಸಿದಳು.

"ಬಿಂದು, ಫೈಟು ಗೀಟು ಇಲ್ಲದ್ದು ಯಾವುದಾದ್ರೂ ಹಾಕು ನೋಡೋಣ. ಸುಮ್ಮನೆ ಕೂತಿರೋದು," ಎಂದಳು ರುದ್ರಮ್ಮ.

ಬಿಂದುಶ್ರೀ ಹುಡುಕಿ ಒಂದು ಸೀನು ಹಾಕಿದಳು. ವಯಸ್ಸಾದ ನಟಿಯೊಬ್ಬರು ಕಿಟಕಿಯ ಪಕ್ಕ ಕೂತು ಯಾರಿಗೋ ಕಾಯುತ್ತಿದ್ದರು. ಮಾತಿಲ್ಲ, ಸಂಗೀತವಿಲ್ಲ. ಇಡೀ ಪರದೆ ಖಾಲಿ, ಒಂದು ಬಾಣವೂ ಇಲ್ಲ. ಇದರಲ್ಲೇನಿದೆ ಎಂದುಕೊಳ್ಳುವಷ್ಟರಲ್ಲಿ ರುದ್ರಮ್ಮನಿಗೆ ಕಂಡಿತು. ಆಕೆಯ ಕುತ್ತಿಗೆಯ ಕೆಳಗೆ, ಸೆರಗಿನ ಅಂಚಿನಲ್ಲಿ, ಎಳ್ಳಿನಷ್ಟು ಚಿಕ್ಕ ನಾಲ್ಕೈದು ಬಾಣಗಳು ಮೂಡಿ ಮಾಯವಾದವು. ತುಸು ಹೊತ್ತಿಗೆ ಮತ್ತೆ ಮೂಡಿದವು. ಮತ್ತೆ ಮಾಯ.

"ಇದೇನು?"

"ಉಸಿರು ಅಕ್ಕ."

ರುದ್ರಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಕೈಯಲ್ಲಿದ್ದ ಕಾಫಿ ಆರುತ್ತಿತ್ತು. ಬಾಣಗಳು ಬಂದವು, ಹೋದವು, ಬಂದವು. ಆಕೆ ಉಸಿರೆಳೆದಾಗ ಇವಳೂ ಎಳೆದಳು, ಬಿಟ್ಟಾಗ ಬಿಟ್ಟಳು. ಬಿಂದುಶ್ರೀ ಏನೋ ಹೇಳಲು ಹೊರಟಳು. ರುದ್ರಮ್ಮ ಕಣ್ಣು ತೆಗೆಯದೆಯೇ, ಸುಮ್ಮನಿರು ಎಂದು ಕೈ ಎತ್ತಿದಳು.